ಮರುದಿನದ ಪಾಠ

ಹುಡುಕಿದಾಗ ಮೊದಲು ಸಿಕ್ಕವನು ನಾನೇ.

ಹುನಗುಂದದ ಬಸ್ ನಿಲ್ದಾಣದ ಎದುರಿನ ಡಿಟಿಪಿ ಅಂಗಡಿಯಲ್ಲಿ ಕೂತು, ಮಾಸ್ತರರ ಶ್ಲೋಕವನ್ನು ಕನ್ನಡ ಅಕ್ಷರದಲ್ಲಿ ಪೂರ್ತಿ ಟೈಪು ಮಾಡಿ ಅಂತರ್ಜಾಲಕ್ಕೆ ಬಿಟ್ಟಿದ್ದೆ. ಬಂದದ್ದು ಒಂದೇ ಫಲಿತಾಂಶ. ಇಳಕಲ್ಲಿನ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ನಾನು ಮಾಸ್ತರರ ದನಿ ತೆಗೆದು ಅದೇ ಶ್ಲೋಕ ಹೇಳಿ ಜನರನ್ನು ನಗಿಸಿದ ವಿಡಿಯೋ ಅದು. ಕೆಳಗೆ ಶ್ಲೋಕ ಬರೆದು ಹಾಕಿದವನೂ ನಾನೇ. ಮೂಲ ಹುಡುಕಲು ಹೋದವನಿಗೆ ನಕಲು ಸಿಕ್ಕಿತ್ತು, ಅದೂ ತನ್ನದೇ.

ಅಂಗಡಿಯ ಮಾಲೀಕನನ್ನು ನಾವು ಅಣ್ಣ ಎನ್ನುತ್ತೇವೆ. ಹಿಂದಿನಿಂದ ಬಗ್ಗಿ ಪರದೆ ನೋಡಿದ.

"ಸಿಕ್ತಲ್ಲೋ. ಆಧಾರ ಅಂತ ನಿನ್ನ ಹೆಸರ ಹಾಕಿಬಿಡು. ಋಷಿಗಳ ಸಾಲಿನಾಗ ನಿಂದೂ ಒಂದು ಗಡ್ಡ ಕೂಡತೈತಿ."

ನನ್ನ ಕೆಲಸ ಅಕ್ಷರ ಜೋಡಿಸುವುದು. ಮದುವೆ ಕಾರ್ಡು, ಗೊಬ್ಬರದ ಅಂಗಡಿಯ ಬಿಲ್ಲು, ಶ್ರದ್ಧಾಂಜಲಿಯ ಫ್ಲೆಕ್ಸು. ಸತ್ತವರ ಫೋಟೋದ ಹಿಂದೆ ನೀಲಿ ಮೋಡ ಇಡುವುದರಲ್ಲಿ ನನ್ನಷ್ಟು ಕೈ ಕುದುರಿದವರು ಈ ತಾಲೂಕಿನಲ್ಲಿಲ್ಲ. ಬಿಡುವಿನಲ್ಲಿ ಮಿಮಿಕ್ರಿ. ಕಂಡಕ್ಟರು, ಡಾಕ್ಟರು, ನನ್ನ ದೊಡ್ಡಪ್ಪ, ಅಂಗಡಿಯ ಅಣ್ಣ, ಯಾರೂ ನನ್ನ ಬಾಯಿಂದ ತಪ್ಪಿಸಿಕೊಂಡಿಲ್ಲ. ನನ್ನನ್ನೂ ನಾನು ಅಣಕಿಸುತ್ತೇನೆ, ಆದರೆ ಅದು ಯಾರದೆಂದು ಜನಕ್ಕೆ ಗುರುತು ಸಿಗುವುದಿಲ್ಲ.

ಮಾಸ್ತರರು ನಮಗೆ ಸಂಸ್ಕೃತ ಕಲಿಸಿದವರು. ಹುಡುಗನಾಗಿದ್ದಾಗ ಬಾದಾಮಿಯಲ್ಲಿ ಒಬ್ಬ ಗುರುಗಳ ಮನೆಯಲ್ಲಿದ್ದು ಪಾಠ ಹೇಳಿಸಿಕೊಂಡವರು. ತಂದೆ ತೀರಿಕೊಂಡ ಸುದ್ದಿ ಬಂದು ನಡುವೆಯೇ ಇಳಕಲ್ಲಿಗೆ ಮರಳಿ, ಆಮೇಲೆ ಪರೀಕ್ಷೆಗಳನ್ನು ಕಟ್ಟಿ ಪಾಸಾಗಿ ಹೈಸ್ಕೂಲು ಸೇರಿದರು. ನಮ್ಮಂಥವರು ಅಂಕ ಬೀಳುತ್ತವೆ ಎಂಬ ಆಸೆಗೆ ಸಂಸ್ಕೃತ ತೆಗೆದುಕೊಂಡವರು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಲಿಸಿದರು.

ಶಾಲೆಯ ಆಚೆ ಅವರಿಗೆ ಇನ್ನೊಂದು ಕೆಲಸವಿತ್ತು. ನಮ್ಮ ನೇಕಾರರ ಓಣಿಯಲ್ಲಿ ಯಾವುದಾದರೂ ಮನೆಯ ಮಗ್ಗದ ಸಪ್ಪಳ ನಿಂತಿತೆಂದರೆ ಅಲ್ಲಿ ಯಾರೋ ಹೋಗಿದ್ದಾರೆ ಎಂದರ್ಥ. ಮಾಸ್ತರರು ಸಂಜೆ ಆ ಮನೆಗೆ ಹೋಗುವರು. ಗೋಡೆಗೆ ಆತು ಕೂತು ಒಂದು ಶ್ಲೋಕ ಹೇಳಿ, ಅರ್ಥ ಹೇಳಿ, ನೀರೂ ಮುಟ್ಟದೆ ಎದ್ದು ಬರುವರು. ಆಮೇಲಿನ ಸಂಜೆಗಳಲ್ಲಿ ಬೇರೆ ಶ್ಲೋಕಗಳೂ ಇರುತ್ತಿದ್ದವು, ಆದರೆ ಮೊದಲು ಹೇಳುವುದು ಯಾವಾಗಲೂ ಇದೇ. ಆ ಶ್ಲೋಕವನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಕೈಯಲ್ಲಿ ಫೋನಿದೆ, ಹುಡುಕಿಬಿಡುತ್ತೀರಿ. ಅರ್ಥ ಇಷ್ಟು: ಹೋದವನ ದನಿ ಮನೆಯವರ ಕೊರಳಲ್ಲಿ ಉಳಿದಿರುತ್ತದೆ, ಅಲ್ಲಿಂದ ಕರೆದರೆ ಕರೆದವನು ಅವನೇ.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ಮನೆಯ ಮಗ್ಗ ನಿಂತಿತು. ಮಾಸ್ತರರು ಬಂದು ಅವ್ವನ ಎದುರು ಕೂತು ಇದನ್ನೇ ಹೇಳಿದರು. ಅವ್ವ ಅಲ್ಲಿಯತನಕ ಅತ್ತಿರಲಿಲ್ಲ, ಆಗ ಅತ್ತಳು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ನಾನು ಹೊರಗಿನಿಂದ ಬಂದವನು, ಯಾಕೋ ಏನೋ, ಚಪ್ಪಲಿ ಬಿಡುತ್ತ ಅಪ್ಪನ ದನಿಯಲ್ಲಿ ಅಪ್ಪನ ಮಾತನ್ನೇ ಕೂಗಿದೆ.

"ಏ, ಚಾ ಇಟ್ಟೀಯೇನ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಬೈಯುತ್ತಾಳೆ ಎಂದುಕೊಂಡೆ. "ಇಟ್ಟೇನಿ, ಬರ್ರಿ" ಎಂದಳು. ನನಗೆ ಯಾವತ್ತೂ ಬರ್ರಿ ಅನ್ನದವಳು. ಅಂದಿನಿಂದ ಅದು ನಮ್ಮ ಮನೆಯ ರೂಢಿಯಾಯಿತು. ನಾನು ಹಾಗೆ ಕರೆಯುವುದು, ಅವಳು ಹಾಗೆ ಓಗೊಡುವುದು, ಒಲೆಯ ಮೇಲೆ ಚಹಾದ ಪಾತ್ರೆ ಏರುವುದು. ಅದರ ಬಗ್ಗೆ ನಾವಿಬ್ಬರೂ ಮಾತಾಡಿದ್ದಿಲ್ಲ.

ಈಗ ಮಾಸ್ತರರ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಅವರ ಮಗಳು ಇಳಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವವರು, ನಾನು ಅವರನ್ನು ಅಕ್ಕ ಎನ್ನುತ್ತೇನೆ. ತಂದೆ ಸಾವಿನ ಮನೆಗಳಲ್ಲಿ ಹೇಳಿದ ಶ್ಲೋಕಗಳನ್ನೆಲ್ಲ ಬರೆಸಿಕೊಂಡು ಒಂದು ಸಣ್ಣ ಪುಸ್ತಕ ಮಾಡಿಸಲು ನಮ್ಮ ಅಂಗಡಿಗೆ ತಂದಿದ್ದರು. ತಂದೆಯ ಕೈಯಲ್ಲಿ ಪುಸ್ತಕ ಇಡಬೇಕು, ಅಷ್ಟೇ ಆಸೆ. ಮಾಸ್ತರರದು ಒಂದು ಷರತ್ತು.

ವಾರಕ್ಕೆ ಎರಡು ಸಲ ಅವರನ್ನು ಡಯಾಲಿಸಿಸ್‌ಗೆ ಬಾಗಲಕೋಟೆಗೆ ಒಯ್ಯಬೇಕಿತ್ತು. ಅಕ್ಕನಿಗೆ ಕಾಲೇಜಿದ್ದ ದಿನ ಜೊತೆಗೆ ನಾನು. ಕಮತಗಿಯಲ್ಲಿ ಕಾರು ನಿಲ್ಲಿಸಿದರೆ ನಾನು ಚಹಾ ಕುಡಿಯುತ್ತಿದ್ದೆ, ಅವರು ನೋಡುತ್ತಿದ್ದರು. ನೀರು ಅಳೆದು ಕೊಡುವ ಕಾಯಿಲೆ. ದವಾಖಾನೆಯಲ್ಲಿ ಅವರ ರಕ್ತ ಯಂತ್ರದೊಳಗೆ ಹೋಗಿ ಬರುವಾಗ ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಕರಡು ಓದುತ್ತಿದ್ದೆ. ಅಲ್ಲಿನ ನರ್ಸು ಪೇಶಂಟುಗಳನ್ನು ಗದರಿಸುವ ದನಿಯನ್ನು ನಾನು ತೆಗೆದರೆ ಹಾಸಿಗೆಗಳ ಸಾಲೆಲ್ಲ ನಗುತ್ತಿತ್ತು. ಮಾಸ್ತರರು ನಗುತ್ತಿರಲಿಲ್ಲ.

"ಲೇ ನಕಲಿ, ಇದಕ್ಕ ವಿಳಾಸ ಎಲ್ಲೈತಿ?"

"ಯಾವುದಕ್ಕರಿ?"

"ಮದಲನೇದ್ದಕ್ಕ. ಉಳಿದವಕ್ಕೆಲ್ಲ ಗ್ರಂಥ, ಅಧ್ಯಾಯ, ಸಂಖ್ಯಾ ಹಾಕೀಯಲ್ಲ. ಇದಕ್ಕ ಏನ ಹಾಕ್ತಿ?"

"ಸುಭಾಷಿತ ಅಂತ ಹಾಕೂಣಲ್ರಿ."

"ಸುಭಾಷಿತ ಅಂದ್ರ ಅನಾಥಾಶ್ರಮ. ತಂದಿ-ತಾಯಿ ಹುಡುಕಾಕ ಮೈಗಳ್ಳತನ ಇದ್ದವರು ಅಲ್ಲಿ ಬಿಟ್ಟು ಬರತಾರ. ವಿಳಾಸ ಇಲ್ಲದ ಶ್ಲೋಕ ನನ್ನ ಪುಸ್ತಕದಾಗ ಬ್ಯಾಡ."

"ಹಂಗಾರ ಇದೊಂದನ್ನ ಬಿಟ್ಟು ಮಾಡೂಣೇನ್ರಿ?"

"ಇದನ್ನ ಬಿಟ್ಟ ಪುಸ್ತಕಾನ ಬ್ಯಾಡ."

ಷರತ್ತು ಅದು. ಆ ಶ್ಲೋಕ ಅವರಿಗೆ ಬಂದದ್ದು ಬಾದಾಮಿಯ ಗುರುಗಳ ಬಾಯಿಂದ. ಯಾವ ಗ್ರಂಥವೆಂದು ಗುರುಗಳು ಹೇಳಿರಲಿಲ್ಲ, ಇವರು ಪುಸ್ತಕ ಕಂಡಿರಲಿಲ್ಲ.

ಉಳಿದ ಶ್ಲೋಕಗಳ ವಿಳಾಸ ಒಪ್ಪಿಸುವಾಗಲೂ ಪ್ರತಿಸಲ ಒಂದೇ ಪ್ರಶ್ನೆ: "ಹಿಂದ ಮುಂದ ಓದಿದೇನು?" ಸಿಕ್ಕ ಸಾಲಿನ ಹಿಂದಿನದೂ ಮುಂದಿನದೂ ಓದದೆ ವಿಳಾಸ ಬರೆಯಬಾರದು, ಯಾರು, ಯಾರಿಗೆ, ಯಾಕೆ ಹೇಳಿದರು ಎಂದು ತಿಳಿಯಬೇಕು. ನಾನು ಅವರದೇ ದನಿಯಲ್ಲಿ "ಓದೇನ್ರಿ" ಎನ್ನುತ್ತಿದ್ದೆ.

ಸರಿ, ಹುಡುಕತೊಡಗಿದೆ. ಸಂಸ್ಕೃತ ಗ್ರಂಥಗಳ ಸಂಗ್ರಹಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ, ಆದರೆ ಕನ್ನಡ ಅಕ್ಷರದಲ್ಲಿ ಕೇಳಿದರೆ ಬಹಳಷ್ಟು ಕಿವುಡು. ಕೆಲವು ನಾಗರಿಯಲ್ಲಿವೆ. ಕೆಲವು ಇಂಗ್ಲಿಷ್ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಇಟ್ಟು ಬರೆದವು. ಇನ್ನು ಕೆಲವು ಹಳೆಯವು ಗೆರೆ-ಚುಕ್ಕೆ ಇಲ್ಲದ ಕಾಲದವು, ದೊಡ್ಡಕ್ಷರ ಸಣ್ಣಕ್ಷರಗಳ ಗುಪ್ತಲಿಪಿಯ ಹಾಗೆ. ಹಾಗಾಗಿ ಒಂದೇ ತುಣುಕಿಗೆ ಮೂರು ವೇಷ ಹಾಕಿ ಮೂರು ಕಡೆ ಕಳಿಸಬೇಕು. ಇದು ನನಗೆ ಬೇಗ ಒಗ್ಗಿತು. ಎದುರಿನವರ ದನಿಯಲ್ಲಿ ಮಾತಾಡಿದರೇನೇ ಬಾಗಿಲು ತೆಗೆಯುತ್ತಾರೆ ಎಂಬುದು ನನ್ನ ಹೊಟ್ಟೆಪಾಡು.

ಎರಡನೆಯ ತೊಡಕು ಸಂಧಿ. ಇಳಕಲ್ ಸೀರೆಯಲ್ಲಿ ಮೈಯ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡಿದ ಮೇಲೆ ಯಾವುದು ಎಲ್ಲಿ ಮುಗಿಯಿತು ಎಂದು ಹೊರಗಿನವರ ಕಣ್ಣಿಗೆ ಬೀಳದು. ಸಂಸ್ಕೃತದಲ್ಲಿ ಪದದ ತುದಿಗಳೂ ಹೀಗೆ ಪಕ್ಕದ ಪದಕ್ಕೆ ಹೆಣೆದುಕೊಂಡು ರೂಪ ಬದಲಿಸುತ್ತವೆ. ಪೂರ್ತಿ ಪದ ಕೊಟ್ಟರೆ ಯಂತ್ರ ಕೊಂಡಿಯ ಹತ್ತಿರ ಎಡವಿ, ಇಲ್ಲ ಎನ್ನುತ್ತದೆ. ಆದ್ದರಿಂದ ಎರಡೂ ತುದಿ ಬಿಟ್ಟು ನಡುವಿನ ಅಕ್ಷರಗಳನ್ನು ಮಾತ್ರ ಹಿಡಿದು ಎಳೆದೆ. ಅನುಸ್ವಾರ ಬರುವ ಜಾಗವನ್ನೂ ಬಿಟ್ಟೆ, ಅದನ್ನು ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ.

ನಡುವನ್ನು ಹಿಡಿದರೆ ಇನ್ನೊಂದು ಪೀಡೆ. ಶ್ಲೋಕದಲ್ಲಿ ಕಂಠ ಇತ್ತು. ಕಂಠ ಎಂದು ಕೇಳಿದರೆ ನೀಲಕಂಠ, ಶ್ರೀಕಂಠ, ಶಿತಿಕಂಠ ಎಂದು ಶಿವನ ಹೆಸರುಗಳೆಲ್ಲ ಮೆರವಣಿಗೆ ಬಂದವು. ಮೃತ ಎಂದು ಕೇಳಿದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಅಮೃತ ಸಾವಿರ ಕಡೆಯಿಂದ ಉಕ್ಕಿತು. ಸತ್ತವರನ್ನು ಕೇಳಿದಷ್ಟೂ ಸಾವಿಲ್ಲದವರೇ ಬರುತ್ತಿದ್ದರು. ಅಣ್ಣ ಹೇಳಿದ, "ಅಷ್ಟು ಅಮೃತ ಇದ್ರ ಒಂದು ಕ್ಯಾನಿನಾಗ ತುಂಬು, ಮಾಸ್ತರಿಗೆ ಒಯ್ಯೂಣು." ಹೇಳಿದವನೇ ಎದ್ದು ಪ್ರಿಂಟರಿಗೆ ಹಾಳೆ ತುಂಬತೊಡಗಿದ.

ಆಮೇಲೆ ಒಂದೊಂದೇ ಪದ ಕೇಳುವುದನ್ನು ಬಿಟ್ಟೆ. ಸಾಲಿನ ಎರಡು ಅಪರೂಪದ ತುಣುಕು ಹಿಡಿದು, ನಡುವೆ ಏನು ಬೇಕಾದರೂ ಇರಲಿ ಎಂದು ಕೇಳಿದೆ. ಬಾಯಿಂದ ಬಾಯಿಗೆ ಬರುವಾಗ ಸಣ್ಣ ಸಣ್ಣ ಪದಗಳು ಅದಲುಬದಲಾಗುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಡತಗಳನ್ನೆಲ್ಲ ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡು ಒಟ್ಟಿಗೆ ಜಾಲಾಡಿದೆ. ಇಲ್ಲ. ಆ ಇಲ್ಲ ಎಂಬ ಉತ್ತರದ ಮೇಲೆಯೇ ಅನುಮಾನ ಬಂದು, ಇದೆ ಎಂದು ಗೊತ್ತಿದ್ದ ಬೇರೆ ಶ್ಲೋಕವನ್ನು ಹುಡುಕಿ ನೋಡಿದೆ. ಅದೂ ಇಲ್ಲ ಎಂದಿತು. ಅಂದರೆ ಇಷ್ಟು ದಿನ ನಾನು ಕುರುಡನ ಕೈಗೆ ಲಾಟೀನು ಕೊಟ್ಟು ಕೂತಿದ್ದೆ. ಕಡತ ತೆರೆದು ಕಣ್ಣಿನಿಂದ ನೋಡಿದರೆ ಸಾಲು ನಡುವೆ ಮುರಿದು ಕೆಳಗಿಳಿದಿತ್ತು, ಮುರಿದಲ್ಲಿ ಸಂಖ್ಯೆಯೊಂದು ಕೂತಿತ್ತು. ಸಂಖ್ಯೆ, ಗೆರೆ, ಖಾಲಿ ಜಾಗ ಎಲ್ಲ ಅಳಿಸಿ, ಪ್ರತಿ ಗ್ರಂಥವನ್ನೂ ಒಂದೇ ಉದ್ದದ ಎಳೆ ಮಾಡಿ ಮತ್ತೆ ಹುಡುಕಿದೆ. ಈಗ ಗೊತ್ತಿದ್ದ ಶ್ಲೋಕ ಸಿಕ್ಕಿತು. ಮಾಸ್ತರರದು ಸಿಗಲಿಲ್ಲ.

ಯಂತ್ರದ ಇಲ್ಲಕ್ಕೆ ಹಲವು ಅರ್ಥ. ಹುಡುಕಿದ ರೀತಿ ತಪ್ಪಿರಬಹುದು. ಗ್ರಂಥವನ್ನು ಯಾರೂ ಟೈಪು ಮಾಡಿರಲಿಕ್ಕಿಲ್ಲ, ಹಾಳೆಗಳ ಫೋಟೋ ಮಾತ್ರ ಇರಬಹುದು. ಅಥವಾ ಅದು ಎಲ್ಲಿಯೂ ಇರಲಿಕ್ಕಿಲ್ಲ. ಮೊದಲನೆಯದು ತೀರಿತು. ಮೂರನೆಯದನ್ನು ಮಾಸ್ತರರಿಗೆ ಹೇಳುವ ಧೈರ್ಯವಿರಲಿಲ್ಲ. ಎರಡನೆಯದು ಉಳಿಯಿತು.

ಫೋಟೋ ಪುಸ್ತಕಗಳಲ್ಲಿ ಯಂತ್ರ ಹುಡುಕದು, ಆದರೆ ಹಳೆಯ ಮುದ್ರಣಗಳ ಕೊನೆಯಲ್ಲಿ ಶ್ಲೋಕಗಳ ಅಕಾರಾದಿ ಸೂಚಿ ಇರುತ್ತದೆ. ಪ್ರತಿ ಶ್ಲೋಕದ ಮೊದಲ ಪದ, ಎದುರಿಗೆ ಪುಟ. ಪುಸ್ತಕ ತೆರೆ, ಕೊನೆಗೆ ಹಾರು, ಅಕ್ಷರ ಹಿಡಿದು ಬೆರಳಾಡಿಸು. ಬಾದಾಮಿಯ ಗುರುಗಳು ಎಳೆಯ ಶಿಷ್ಯರಿಗೆ ಯಾವ ಯಾವ ಗ್ರಂಥ ಹೇಳಿರಬಹುದು ಎಂದು ಮಾಸ್ತರರನ್ನು ಕೇಳಿ, ಅಷ್ಟನ್ನೂ ನೋಡಿದೆ. ನಮ್ಮ ಶ್ಲೋಕದ ಮೊದಲ ಪದ ಯಾವ ಸೂಚಿಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು. ಯಂತ್ರಕ್ಕೆ ಹಚ್ಚಿದರೆ ರಕ್ತದೊತ್ತಡ ಕುಸಿಯುತ್ತಿದೆ, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಮನ್ಯಾಗ ಅಂದ್ರ ತಿಳೀತಲ್ಲ?" ಎಂದರು ಅಕ್ಕ.

"ತಿಳೀತ್ರಿ ಅಕ್ಕಾರ."

"ಶ್ಲೋಕ ಸಿಕ್ತೇನ ಅಂತ ಕೇಳಾಕತ್ತಾರ. ನಾ ಏನ ಹೇಳ್ಲಿ?"

ಗುರುಗಳ ಪುಸ್ತಕ ಉಳಿದಿದ್ದರೆ ನೋಡೋಣವೆಂದು ಮರುದಿನ ಗುಡೂರಿನ ಮೇಲೆ ಹಾಯ್ದು ಬಾದಾಮಿಗೆ ಹೋದೆ. ಗುರುಗಳ ಮೊಮ್ಮಗ ಊರ ಪಕ್ಕದ ಬನಶಂಕರಿ ಗುಡಿಯ ಎದುರು ಕಾಯಿ-ಕರ್ಪೂರದ ಅಂಗಡಿ ಇಟ್ಟಿದ್ದ. ಪುಸ್ತಕ ಎಂದೊಡನೆ ಕೈ ಅಲ್ಲಾಡಿಸಿದ.

"ಅರ್ಧ ಗೆದ್ದಲ ತಿಂತು. ಉಳಿದದ್ದು ನಮ್ಮ ಕಾಕಾ ರದ್ದಿಗೆ ಹಾಕಿದ. ತಡಾ ಮಾಡಿದ್ರಿ, ಭಾಳ ತಡಾ ಮಾಡಿದ್ರಿ."

"ನೀವೂ ಅವರ ಕಡೆ ಪಾಠ ಹೇಳಿಸಿಕೊಂಡಿದ್ರೇನು?"

"ಹೇಳಿಸ್ಕೊಂಡೆ, ಮರತೆ. ದಿನಕ್ಕ ಎರಡ ಸಾಲು. ಅಜ್ಜಂದು ಅದೊಂದು ಹಟ. ಎಂಥಾ ಜಾಣ ಇದ್ರೂ ಎರಡ, ದಡ್ಡ ಇದ್ರೂ ಎರಡ. ಮರುದಿನ ಒಪ್ಪಿಸಿದ್ರ ಮುಂದಿನ ಎರಡು."

"ಮೂರು ಸಾಲಿನ ಶ್ಲೋಕ ಬಂದ್ರ?"

"ಬಂದ್ರೂ ಎರಡ. ಉಳಿದ ಸಾಲು ನಾಳಿಗೆ. ನಾಳಿ ಅದಕ್ಕ ಮುಂದಿನ ಶ್ಲೋಕದ್ದೊಂದು ಸಾಲು ಹಚ್ಚಿ ಎರಡು ಮಾಡಾಂವ. ಅಲ್ಲಿಂದ ಮುಂದ ಎಲ್ಲಾ ತಿರುಗಾಮುರುಗಾ."

"ಹಂಗಂದ್ರ ಶ್ಲೋಕ ತುಂಡ ಆಗೂದಿಲ್ಲೇನ್ರಿ?"

"ಕಡೀತನಕ ಕಲತವಗ ಕೂಡತೈತಿ ಅಂತಿದ್ದ. ನಾವೆಲ್ಲೆ ಕಡೀತನಕ ಹೋದಿವಿ? ಕಾಯಿ ಒಯ್ತೀರೇನು?"

ಕಾಯಿ ಒಯ್ದೆ. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಗುಡೂರು ದಾಟುವಾಗ ಹೊಳೆಯಿತು. ನಮ್ಮ ಶ್ಲೋಕ ಒಂದು ಶ್ಲೋಕವೇ ಅಲ್ಲ. ಅದು ಒಂದು ದಿನದ ಪಾಠ. ಮೊದಲ ಸಾಲು ಒಂದು ಶ್ಲೋಕದ ಬಾಲ, ಎರಡನೆಯದು ಮುಂದಿನ ಶ್ಲೋಕದ ತಲೆ. ಸೂಚಿಯಲ್ಲಿ ಬಾಲಗಳು ಇರುವುದಿಲ್ಲ. ನಾನು ಇಷ್ಟು ದಿನ ಎಲ್ಲ ಪುಸ್ತಕಗಳಲ್ಲಿ ಬಾಲ ಹುಡುಕಿದ್ದೆ.

ಹುನಗುಂದದಲ್ಲಿ ಇಳಿದವನೇ ಎರಡನೆಯ ಸಾಲಿನ ಮೊದಲ ಪದ ಹಿಡಿದು ಸೂಚಿಗಳನ್ನು ಮತ್ತೆ ತೆರೆದೆ. ನಾಲ್ಕನೆಯದೋ ಐದನೆಯದೋ ಪುಸ್ತಕದಲ್ಲಿ ಆ ಪದ ಸುಮ್ಮನೆ ಕೂತಿತ್ತು, ಎದುರಿಗೆ ಪುಟಸಂಖ್ಯೆ. ಆ ಪುಟಕ್ಕೆ ಹಾರಿದರೆ ಬೇರೇನೋ ಬಂತು. ಪುಸ್ತಕದ ಪುಟಸಂಖ್ಯೆ ಪೀಠಿಕೆ ಮುಗಿದ ಮೇಲೆ ಶುರುವಾಗುತ್ತದೆ, ಫೋಟೋದ ಸಂಖ್ಯೆ ರಟ್ಟಿನಿಂದಲೇ. ಪೀಠಿಕೆಯಷ್ಟು ಹಾಳೆ ಮುಂದೆ ಸರಿದೆ. ಒಂದು ಪುಟದ ಕೊನೆಯಲ್ಲಿ ಮಾಸ್ತರರ ಮೊದಲ ಸಾಲು, ಮುಂದಿನ ಪುಟದ ತಲೆಯಲ್ಲಿ ಎರಡನೆಯದು. ಎರಡೂ ಸಾಲುಗಳನ್ನು ಕತ್ತರಿಸಿ ಜೋಡಿಸಿ, ಕೆಳಗೆ ವಿಳಾಸ ಬರೆದು ಅಕ್ಕನ ಫೋನಿಗೆ ಕಳಿಸಿದೆ. ಉತ್ತರ ತಕ್ಷಣ ಬಂತು: "ಅಪ್ಪಗ ತೋರಿಸಿದೆ. ಕೈ ಮುಗದ್ರು. ಸಂಜಿಕ ಬಾ."

ಅಣ್ಣ ತನ್ನ ದುಡ್ಡಿನಲ್ಲಿ ಮಿರ್ಚಿ ಭಜಿ ತರಿಸಿದ. ತಿನ್ನುತ್ತ, ಮಾಸ್ತರರ ದನಿಯಲ್ಲಿ ನನಗೆ ನಾನೇ ಕೇಳಿಕೊಂಡೆ, "ಹಿಂದ ಮುಂದ ಓದಿದೇನು?" ಅಣ್ಣ ನಕ್ಕ. ನಾನು ಕೈ ಒರೆಸಿಕೊಂಡು ಓದಿದೆ.

ಮೂರನೆಯ ಸಾಲು ಶುರುವಾಗುವುದು ಇತಿ ಚೇನ್ನ ಎಂದು. ಹೀಗೆನ್ನುವೆಯಾದರೆ, ಅಲ್ಲ.

ಅದು ಇಬ್ಬರು ವಾದಿಸುವ ಗ್ರಂಥ. ಎದುರಾಳಿಯ ಮಾತನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಮುರಿಯುವುದು ಅಂಥ ಗ್ರಂಥಗಳ ರೀತಿ. ಪೂರ್ವಪಕ್ಷ ಎನ್ನುತ್ತಾರೆ. ನನ್ನ ಭಾಷೆಯಲ್ಲಿ ಮಿಮಿಕ್ರಿ. ಮಾಸ್ತರರು ಜೀವಮಾನವಿಡೀ ಸಾವಿನ ಮನೆಗಳಲ್ಲಿ ಹೇಳಿದ್ದು ಗ್ರಂಥಕಾರ ಅಣಕಿಸಲು ತೆಗೆದ ದನಿಯನ್ನು. ಅವನ ಸ್ವಂತ ಮಾತು ಕೆಳಗಿತ್ತು: ಅಲ್ಲ. ಕೊರಳು ಸುಟ್ಟ ಮೇಲೆ ದನಿ ನಿಲ್ಲಲು ಜಾಗವಿಲ್ಲ. ಬೆಟ್ಟದ ಎದುರು ನಿಂತು ಕೂಗಿದವನು ಕೇಳುವುದು ತನ್ನನ್ನೇ.

ಅಣ್ಣನಿಗೆ ಓದಿ ಹೇಳಿದೆ. ಅವನು ಮಿರ್ಚಿಯ ಕಾಗದ ಮಡಚುತ್ತ ಕೂತ.

"ವಿಳಾಸ ಕೇಳಿದ್ರು, ವಿಳಾಸ ಕೊಟ್ಟಿ. ಮನ್ಯಾಗ ಯಾರ ಅದಾರಂತ ಕೇಳ್ಯಾರೇನು? ಹಾಕು, ಪ್ರಿಂಟಿಗೆ ಕೊಡು. ಸಾಯೋ ಮುದುಕಪ್ಪಗ ಎದಕ್ಕ ಬೇಕು?"

ಇಳಕಲ್ಲಿನ ಬಸ್ಸು ಹತ್ತಿ ಹಿಂದಿನ ಸೀಟು ಹಿಡಿದೆ. ಸುಳ್ಳು ಹೇಳುವುದಾದರೆ ಹೇಗೆ ಹೇಳುವುದು ಎಂದು ಬಾಯೊಳಗೇ ಅಭ್ಯಾಸ ಮಾಡಿದೆ. ಅಣ್ಣನ ದನಿಯಲ್ಲಿ "ಓದೇನ್ರಿ, ಎಲ್ಲಾ ಬರೋಬರಿ ಐತ್ರಿ" ಅಂದರೆ ಸುಳ್ಳು ಎಣ್ಣೆ ಹಚ್ಚಿದ ಹಾಗೆ ಜಾರಿತು. ಡಾಕ್ಟರರ ದನಿಯಲ್ಲಿ ಇನ್ನೂ ಚೆನ್ನಾಗಿ ಬಂತು. ದೊಡ್ಡಪ್ಪನ ದನಿಯಲ್ಲಂತೂ ನಾನೇ ನಂಬಿದೆ. ನನ್ನ ದನಿಯಲ್ಲಿ ಹೇಳಿ ನೋಡಲು ಹೋದೆ. ಅದು ಎಲ್ಲಿದೆ ಎಂದು ತಡಕಾಡುವಷ್ಟರಲ್ಲಿ ಕಂಡಕ್ಟರು ಬಂದು, "ಏನ ಗೊಣಗಾಕತ್ತೀಲೇ, ಟಿಕೆಟ್ ತಗೋ" ಎಂದ.

ಮಾಸ್ತರರು ಕಿಟಕಿಯ ಬದಿಯ ಮಂಚದ ಮೇಲಿದ್ದರು. ಮುಖ ಊದಿತ್ತು, ಕೈಗಳು ಒಣಗಿದ್ದವು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ಮಾಸ್ತರರು ಬೆರಳಾಡಿಸಿದರು.

"ಬಾ ನಕಲಿ. ಪಾಸಾದಿ. ಕುಂದ್ರು."

ಕೂತೆ.

"ಹಿಂದ ಮುಂದ ಓದಿದೇನು?"

ಎಣ್ಣೆ ಹಚ್ಚಿದ ದನಿಗಳೆಲ್ಲ ಬಸ್ಸಿನಲ್ಲೇ ಇಳಿದುಹೋಗಿದ್ದವು. "ಓದೇನ್ರಿ," ಎಂದೆ. ದನಿ ಸಣ್ಣದಾಗಿತ್ತು.

"ಹಂಗಾರ ಮುಂದಿಂದು ಹೇಳು."

"ನಾಳೆ ಹೇಳತೇನ್ರಿ."

"ನಾಳೆ ನಾ ಇರತೇನ ಅಂತ ಯಾರ ಹೇಳ್ಯಾರ? ಹೇಳು."

ಫೋನು ತೆಗೆದು ಓದಿದೆ. ಇತಿ ಚೇನ್ನ ಎಂಬಲ್ಲಿಗೆ ಅವರ ಬೆರಳು ನಿಂತಿತು. ಉಳಿದ ಸಾಲುಗಳನ್ನು ಓದಿ ಮುಗಿಸಿದೆ. ಅಕ್ಕ, "ಏನಂತದು?" ಎಂದರು. ಮಾಸ್ತರರೇ ಮಗಳಿಗೆ ಒಂದೊಂದು ಪದ ಬಿಡಿಸಿ, ತರಗತಿಯಲ್ಲಿ ಹೇಳುತ್ತಿದ್ದ ಹಾಗೆಯೇ, ಅರ್ಥ ಹೇಳಿದರು. ಬೆಟ್ಟದ ಮಾತಿಗೆ ಬಂದಾಗ ಸ್ವಲ್ಪ ನಿಂತು ಉಸಿರು ತೆಗೆದುಕೊಂಡರು. ಕೊನೆಗೆ ಕಿಟಕಿಯ ಕಡೆ ಹೊರಳಿ,

"ಮರುದಿನದ ಪಾಠಕ್ಕ ನಾ ಇರಲಿಲ್ಲ," ಎಂದರು. "ಆ ಎರಡ ಸಾಲು ಬಾಯಾಗ ಇಟ್ಕೊಂಡ ಮಲಗಿದ್ದೆ. ಬೆಳಕ ಹರಿಯೂದ್ರಾಗ ಊರಿಂದ ಮನಶ್ಯಾ ಬಂದಿದ್ದ, ಅಪ್ಪ ಹ್ವಾದ ಅಂತ. ಬಾದಾಮಿಯಿಂದ ಇಲ್ಲೀತನಕ ಅದನ್ನ ಅನಕೋತ ಬಂದೆ. ಮದಲ ನನಗ ನಾನ ಹೇಳಿಕೊಂಡದ್ದು ಅದು."

ಅಕ್ಕ ಹತ್ತಿರ ಬಂದು ಅವರ ಕಾಲ ಬಳಿ ಕೂತರು.

"ಅಪ್ಪಾ, ಇದನ್ನ ಬಿಡ್ರಿ. ಮಂದಿಗೆ ಅದರಿಂದ ಚಲೋ ಆಗೇತಿ. ಪುಸ್ತಕದಾಗ ಎರಡ ಸಾಲು, ಕೆಳಗ ವಿಳಾಸ. ಸುಳ್ಳೇನಲ್ಲಲ್ಲ. ಮುಂದಿಂದು ಹುಡುಕಾಕ ಯಾರ ಹೋಗತಾರ?"

"ಇಂವ ಹೋಗಿದ್ನಲ್ಲ."

ಆಮೇಲೆ ತಾವು ಶ್ಲೋಕ ಹೇಳಿದ ಮನೆಗಳನ್ನು ನೆನೆಯತೊಡಗಿದರು. ಬಣ್ಣ ಅದ್ದುವವರ ಮನೆ, ಕೂಸು ಹೋದ ಮನೆ, ಬಾವಿಗೆ ಬಿದ್ದವಳ ಮನೆ. "ನಿಮ್ಮ ಮನಿ," ಎಂದು ನನ್ನ ಕಡೆ ನೋಡಿದರು.

"ನಮ್ಮ ಮನ್ಯಾಗ ಅದು ಇನ್ನೂ ನಡದೈತ್ರಿ ಮಾಸ್ತರ್ರ."

"ಏನ ನಡದೈತಿ?"

"ದಿನಾ ಸಂಜಿಕ ನಾ ಅಪ್ಪನ ದನಿಲೆ ಕರೀತೇನ್ರಿ."

"ನಿಮ್ಮವ್ವ ಓ ಅಂತಾಳೇನು?"

"ಅಂತಾಳ್ರಿ. ಬರ್ರಿ ಅಂತಾಳ."

ಅವರು ಕಣ್ಣು ಮುಚ್ಚಿದರು. "ಪಾಪ," ಎಂದರು. ಯಾರಿಗೆ ಅಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಹೊರಡಲು ಎದ್ದಾಗ ತೀರ್ಮಾನ ಹೇಳಿದರು. ತೆಗೆಯಬೇಡ, ಪೂರ್ತಿ ಹಾಕು. ಹೇಳಿದ್ದೂ ಇರಲಿ, ಅಲ್ಲ ಅಂದದ್ದೂ ಇರಲಿ, ಎರಡಕ್ಕೂ ಒಂದೇ ದಪ್ಪದ ಅಕ್ಷರ. "ಅರ್ಧಾ ಪಾಠ ಹೇಳಿ ಸಂಬಳಾ ತಗೊಂಡ ಮಾಸ್ತರ ಅನಸ್ಕೋಬಾರದು" ಎಂದು ನಗಲು ನೋಡಿದರು, ಕೆಮ್ಮು ಬಂತು.

ಹಾಗೆಯೇ ಜೋಡಿಸಿದೆ. ಕರಡಿನ ಮೊದಲ ಪುಟ ಅವರು ನೋಡಿದರು. ಕನ್ನಡಕದ ಒಳಗಿನಿಂದ ಸಾಲು ಸಾಲಾಗಿ ಬೆರಳಿಟ್ಟು ಓದಿ, ಕೊನೆಯ ಸಾಲಿನ ಕೆಳಗೆ ಸಹಿ ಮಾಡಿದರು. ಅಚ್ಚಾದ ಪುಸ್ತಕ ಅವರ ಕೈಗೆ ಬರಲಿಲ್ಲ. ಅವರ ಫ್ಲೆಕ್ಸು ಮಾಡಿದವನು ನಾನೇ. ಮೋಡ ಇಡಲಿಲ್ಲ.

ಅವರ ಉತ್ತರಕ್ರಿಯೆಗೆ ಓಣಿಯೇ ನೆರೆದಿತ್ತು. ಅಕ್ಕ ಬಂದವರಿಗೆಲ್ಲ ಒಂದೊಂದು ಪುಸ್ತಕ ಕೊಟ್ಟರು. ನಾನು ಕಂಬದ ಹತ್ತಿರ ನಿಂತು ನೋಡುತ್ತಿದ್ದೆ. ಜನ ಮೊದಲ ಪುಟ ತೆರೆದರು. ಎರಡು ಸಾಲು ಓದಿದರು, ಅಥವಾ ಓದಬೇಕಾಗಿಯೂ ಇರಲಿಲ್ಲ, ಅವರಿಗೆ ಬಾಯಿಪಾಠವಿತ್ತು. ಕಣ್ಣು ಒರೆಸಿಕೊಂಡು ಪುಸ್ತಕ ಮುಚ್ಚಿ ಹಣೆಗೆ ಒತ್ತಿಕೊಂಡರು. ಮೂರನೆಯ ಸಾಲಿಗೆ ಯಾರೂ ಇಳಿಯಲಿಲ್ಲ. ಬಣ್ಣ ಅದ್ದುವವರ ಮನೆಯ ಮುದುಕಿ ನನ್ನ ಕೈ ಹಿಡಿದಳು.

"ತಮ್ಮಾ, ನೀ ಮಾಸ್ತರ ಹಂಗ ಹೇಳ್ತಿಯಂತಲ್ಲ. ಒಂದ ಸಲ ಹೇಳೋ. ಅವರ ಬಂದಂಗ ಆಕ್ಕೇತಿ."

"ಗಂಟಲಾ ಕಟ್ಟೇತಿ ಅಮ್ಮ," ಎಂದೆ. ಗಂಟಲು ಸರಿಯಾಗಿಯೇ ಇತ್ತು. ಆ ಮಧ್ಯಾಹ್ನವೇ ಸಮ್ಮೇಳನದ ವಿಡಿಯೋ ತೆಗೆದುಹಾಕಿದೆ. ಈಗ ಯಾರಾದರೂ ಆ ಶ್ಲೋಕ ಹುಡುಕಿದರೆ ನಾನೂ ಸಿಗುವುದಿಲ್ಲ.

ಸಂಜೆ ಮನೆಗೆ ಬಂದೆ. ಕಾಲು ನೋಯುತ್ತಿದ್ದ ಅವ್ವ ಆ ದಿನ ಬಂದಿರಲಿಲ್ಲ, ಅವಳ ಪಾಲಿನ ಪುಸ್ತಕ ನನ್ನ ಚೀಲದಲ್ಲಿತ್ತು. ಚಪ್ಪಲಿ ಬಿಡುತ್ತ ರೂಢಿಯಂತೆ ಬಾಯಿ ತೆರೆದೆ. ಅಪ್ಪನ ದನಿ ತುದಿನಾಲಿಗೆಗೆ ಬಂದು ನಿಂತಿತ್ತು. ಅದನ್ನು ನುಂಗಿ, ನನ್ನದೆಂದು ತೋರಿದ ದನಿಯಲ್ಲಿ ಕರೆದೆ.

"ಅವ್ವಾ."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಯಾರ್ರಿ?" ಎಂದಳು ಅವ್ವ.

ಎರಡನೆಯ ಚಪ್ಪಲಿ ಕಾಲಲ್ಲೇ ಇತ್ತು. "ನಾ," ಎಂದೆ.

ಅವಳು ಕಾಲೆಳೆಯುತ್ತ ಬಾಗಿಲ ತನಕ ಬಂದು ನನ್ನನ್ನು ನೋಡಿದಳು, ಮತ್ತೆ ನನ್ನ ಹಿಂದೆ ಅಂಗಳದ ಕಡೆ ನೋಡಿದಳು. ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.